ತೂತುಕಾಸಿನ ನೆರಳು

ನನ್ನ ತಮ್ಮ ಅಂಕಯ್ಯನ ಬೆರಳು ನೋಡಿದವರು, ಇವನು ರೇಷ್ಮೆ ನೂಲು ಬಿಚ್ಚುವವನು ಎಂದು ಕೇಳದೆಯೇ ಹೇಳಿಬಿಡುತ್ತಿದ್ದರು. ಕುದಿಯುವ ನೀರಿನಲ್ಲಿ ಗೂಡು ತಡಕಿ ತಡಕಿ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿ ಸದಾ ಸಿಪ್ಪೆ ಏಳುತ್ತಿದ್ದವು. ನಾವೆಲ್ಲ ಮುದ್ದೆ ಆರಲಿ ಎಂದು ಕಾಯುತ್ತಿದ್ದರೆ ಅವನು ತಟ್ಟೆಗೆ ಬಿದ್ದ ತಕ್ಷಣ ಮುರಿದು ಸಾರಿಗೆ ಅದ್ದುತ್ತಿದ್ದ.

"ನಿನ್ ಕೈಗೆ ಜೀವ್ವೇ ಇಲ್ಲ ಕಣ್ಲಾ" ಎಂದು ನಾನು ಬಯ್ಯುತ್ತಿದ್ದೆ.

"ಜೀವ ಐತೆ ಕಣಕ್ಕ. ನಾಚ್ಕೆ ಇಲ್ಲ ಅಷ್ಟೇಯ."

ನನ್ನ ಗಂಡ ತೀರಿಕೊಂಡ ಮೇಲೆ ನಾನು ಬೈರಮಂಗಲದ ಮಗ್ಗುಲಿನ ತವರೂರಿಗೆ ಬಂದು ಅವನ ಮನೆಯಲ್ಲೇ ನಿಂತೆ. ಮುಂದೆ ಜಗಲಿ, ಒಳಗೆ ನಡುಮನೆ, ಹಿತ್ತಿಲಲ್ಲಿ ನಮ್ಮಪ್ಪ ನೆಡಿಸಿದ್ದ ಕಲ್ಲು ಚಪ್ಪಡಿಯ ಬೇಲಿ. ಎದೆಮಟ್ಟದ ಚಪ್ಪಡಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಅದರಾಚೆ ತಗಡಿನ ಶೆಡ್ಡು. ಶೆಡ್ಡಿನೊಳಗೆ ಚರಕ, ಒಲೆ, ಬಾಣಲೆ. ರಾಮನಗರದ ಮಾರ್ಕೆಟ್ಟಿನಿಂದ ಗೂಡು ತಂದು ಬಿಚ್ಚುವುದೇ ಮನೆಯ ಬದುಕು. ಹೊರದೇಶದ ನೂಲು ಬಂದು ನಮ್ಮ ನೂಲನ್ನು ಕೇಳುವವರಿಲ್ಲದಂತಾದಾಗ ಚರಕ ನಿಂತಿತು. ಅದೇ ಹೊತ್ತಿಗೆ ಬಿಡದಿ ಕಡೆಯ ಹೊಲಗಳೆಲ್ಲ ಒಂದೊಂದಾಗಿ ಕಾಂಪೌಂಡಿನೊಳಗೆ ಸೇರುತ್ತಿದ್ದವು. ಎರಡು ಸಾವಿರದ ಇಸವಿ ಆಗತಾನೆ ಕಳೆದಿತ್ತು. ಬಾಯ್ಲರಿಗೆ ಪೈಪು ಬೆಸೆಯುವ ಒಂದು ಫ್ಯಾಕ್ಟರಿಯಲ್ಲಿ, ಬೆಸುಗೆ ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಕಂಟ್ರಾಕ್ಟಿನವರ ಕೈಕೆಳಗೆ ಅಂಕಯ್ಯ ಹೆಲ್ಪರ್ ಆಗಿ ಸೇರಿಕೊಂಡ.

ಅವರ ಹತ್ತಿರ ಒಂದು ಪೆಟ್ಟಿಗೆ ಇತ್ತು. ಅದಕ್ಕೆ ಕ್ಯಾಮೆರಾ ಎನ್ನುತ್ತಿದ್ದರು. ನಮ್ಮ ಊರಿನವರು, "ನಮ್ದೂ ಒಂದು ಪಟ ಹಿಡ್ಕೊಡೋ" ಎಂದು ಅಂಕಯ್ಯನ ಬೆನ್ನು ಬಿದ್ದಿದ್ದೂ ಉಂಟು. ಅದು ಮನುಷ್ಯರ ಪಟ ತೆಗೆಯುವ ಪೆಟ್ಟಿಗೆಯಲ್ಲ. ಒಬ್ಬ ಆಳು ಏದುಸಿರು ಬಿಟ್ಟುಕೊಂಡು ಎತ್ತುವಷ್ಟು ಭಾರ. ಒಳಗೆಲ್ಲ ಸೀಸದಂಥ ಭಾರದ ಲೋಹ, ನಟ್ಟನಡುವೆ ಜೋಳದ ಕಾಳಿನಷ್ಟು ಇರಿಡಿಯಂ ಎಂಬ ವಸ್ತು. ಆ ಕಾಳನ್ನು ಉದ್ದದ ತಂತಿಯಲ್ಲಿ ಕೊಳವೆಯೊಳಗೆ ತಳ್ಳಿ ಪೈಪಿನ ಬೆಸುಗೆಯ ಹತ್ತಿರ ನಿಲ್ಲಿಸಿದರೆ, ಅದರ ಕಿರಣ ಕಬ್ಬಿಣವನ್ನು ಹಾಯ್ದು ಆಚೆ ಬದಿಗೆ ಕಟ್ಟಿದ ಫಿಲ್ಮಿನ ಮೇಲೆ ಬೀಳುತ್ತದೆ. ಬೆಸುಗೆಯೊಳಗೆ ಗುಳ್ಳೆ ಇದ್ದರೆ ಅಲ್ಲಿ ಕಪ್ಪು ಚುಕ್ಕೆ. ಆಮೇಲೆ ತಂತಿ ತಿರುಗಿಸಿ ಕಾಳನ್ನು ಪೆಟ್ಟಿಗೆಯೊಳಕ್ಕೆ ಎಳೆದುಕೊಂಡು ಬೀಗ ಹಾಕುವುದು. ಇದನ್ನೆಲ್ಲ ಮಾಡುವವನು ಚನ್ನಪಟ್ಟಣದ ಕಡೆಯ ಜಯಕುಮಾರ. ಓದಿದ ಹುಡುಗ, ಲೈಸೆನ್ಸು ಇದ್ದವನು. ಅಂಕಯ್ಯನ ಕೆಲಸ ಸುತ್ತ ಹಗ್ಗ ಕಟ್ಟುವುದು, ಕೆಂಪು ದೀಪ ಇಡುವುದು, ಬಂದವರನ್ನು ಓಡಿಸುವುದು, ಪೆಟ್ಟಿಗೆ ಹೊರುವುದು.

ಎದೆಗೆ ಒಂದು ಬಿಲ್ಲೆ ಕೊಟ್ಟಿದ್ದರು. ಅದರೊಳಗೂ ಒಂದು ಪುಟ್ಟ ಫಿಲ್ಮು. ಆ ತಿಂಗಳಲ್ಲಿ ಮೈಗೆ ಎಷ್ಟು ಕಿರಣ ಬಿತ್ತು ಎಂದು ಅದು ಹೇಳುತ್ತದಂತೆ. ತಿಂಗಳಾದ ಮೇಲೆ ಬಿಲ್ಲೆಯ ಫಿಲ್ಮನ್ನು ದೂರದ ದೊಡ್ಡ ಆಫೀಸಿಗೆ ಕಳಿಸಿ ಹೊಸದು ಹಾಕಿಕೊಡುತ್ತಿದ್ದರು. ಅದನ್ನು ಅಂಗಿಗೆ ಸಿಕ್ಕಿಸಿಕೊಂಡು ಮೊದಲ ದಿನ ಹೊರಟಾಗ ಹೋಟೆಲಿನ ಮುಂದೆ ಕೂತಿದ್ದ ಲಕ್ಕಯ್ಯ ಸುಮ್ಮನಿರಲಿಲ್ಲ.

"ಏನ್ಲಾ ಅಂಕ, ಎದೆ ಮ್ಯಾಲೆ ಬಿಲ್ಲೆ ಬೇರೆ! ಬಸ್ ಕಂಡಕ್ಟ್ರಾಗ್ಬುಟ್ಟಾ?"

"ಹೂಂ ಕಣಣ್ಣ, ಹತ್ಕೋ. ನಿಂಗೆ ಟಿಕೀಟಿಲ್ಲ. ಸೀದಾ ಮ್ಯಾಲಕ್ಕೇ ಬುಡ್ತೀನಿ."

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಕಲಿತದ್ದನ್ನೆಲ್ಲ ಊಟಕ್ಕೆ ಕೂತಾಗ ನನಗೂ ಕುಸುಮಳಿಗೂ ಹೇಳುತ್ತಿದ್ದ. ಕುಸುಮ ಅವನ ಹೆಂಡತಿ, ಆಗ ಬಸುರಿ. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸುರು. ಅವನು ಒಂದು ಹಪ್ಪಳ ಎತ್ತಿ ಹಿಡಿದು, "ನೋಡು ಕುಸುಮ, ಕಿರಣದಲ್ಲಿ ಮೂರ್ ಜಾತಿ. ಒಂದು ಬರೀ ಸೋಂಬೇರಿ. ಈ ಹಪ್ಪಳ ಅಡ್ಡ ಇಟ್ರೆ ಅಲ್ಲೇ ಕೂತ್ಕತದೆ" ಎನ್ನುವನು. ಊಟದ ತಟ್ಟೆ ಎತ್ತಿ, "ಇನ್ನೊಂದು ಹಪ್ಪಳ ತೂರ್ಕಂಡ್ ಬತ್ತದೆ, ತಟ್ಟೆಗೆ ನಿಂತ್ಕತದೆ" ಎನ್ನುವನು. ಆಮೇಲೆ ಮೂಲೆಯ ಒರಳುಕಲ್ಲಿನ ಕಡೆ ಕೈ ತೋರಿಸುವನು. "ನಮ್ ಪೆಟ್ಗೆದು ಮೂರನೇದು. ಅದು ನಿಲ್ಲದೇ ಇಲ್ಲ. ಸುಸ್ತಾಯ್ತದೆ ಅಷ್ಟೇಯ. ಸೀಸ ಅಡ್ಡ ಇದ್ರೆ ಬಿರ್ನೆ ಸುಸ್ತಾಯ್ತದೆ. ಕಬ್ಣ ಆದ್ರೆ ಒಸಿ ದಪ್ಪ ಬೇಕು. ಕಲ್ಲಾದ್ರೆ ಇನ್ನೂ ದಪ್ಪ. ಮರ, ಬಟ್ಟೆ, ನಮ್ ಮೈ, ಇವೆಲ್ಲ ಅದಕ್ಕೆ ಲೆಕ್ಕಕ್ಕೇ ಇಲ್ಲ."

"ಪೆಟ್ಗೆ ಒಳಗಿದ್ದಾಗ?" ಎಂದು ಕುಸುಮ ಕೇಳಿದಳು.

"ಬೀಗ ಬಿದ್ ಮ್ಯಾಲೆ ಏನೂ ಇಲ್ಲ. ಅದ್ರ ಮ್ಯಾಲೆ ತಲೆ ಇಟ್ಕಂಡ್ ಮಲಗ್ಬೋದು ಅಂತ ಜಯಣ್ಣನೇ ಹೇಳವ್ರೆ."

ಶ್ರಾವಣದಲ್ಲಿ ಕುಸುಮ ಕೋಡಿಹಳ್ಳಿಯ ತವರಲ್ಲಿ ಹೆಣ್ಣು ಹೆತ್ತಳು. ಶ್ವೇತ ಎಂದು ಹೆಸರಿಟ್ಟರು.

ಆಯುಧಪೂಜೆಗೆ ಒಂದು ವಾರ ಇದೆ ಎನ್ನುವಾಗ ಅಂಕಯ್ಯ ಒಂದು ಸಂಜೆ ಮಂಕಾಗಿ ಮನೆಗೆ ಬಂದ. ಕಾಲು ತೊಳೆದವನು ಒಳಗೆ ಬಾರದೆ ಜಗಲಿಯ ಮೇಲೇ ಕೂತ. ಕೇಳಿದ್ದಕ್ಕೆ, ಕಾಳು ಪೆಟ್ಟಿಗೆಯೊಳಕ್ಕೆ ವಾಪಸು ಹೋಗದೆ ಕೊಳವೆಯಲ್ಲೇ ಸಿಕ್ಕಿಕೊಂಡಿತ್ತು ಎಂದ. ಕೊಳವೆ ಒಂದು ಕಡೆ ಸೊಟ್ಟಗಾಗಿತ್ತು. ಜಯಕುಮಾರ ದೂರದಿಂದ ತಂತಿ ತಿರುಗಿಸುತ್ತಾ, ಓಡಿಹೋಗಿ ಅದನ್ನು ನೆಟ್ಟಗೆ ಹಿಡಿ ಎಂದು ಕೂಗಿದನಂತೆ. ಇವನು ಉಸಿರು ಕಟ್ಟಿಕೊಂಡು ಓಡಿ ಹಿಡಿದು, ಕಾಳು ಒಳಗೆ ಹೋಯಿತೆಂದ ಮೇಲೆ ಕೈ ಬಿಟ್ಟನಂತೆ.

"ಯಾರ್ಗೂ ಅನ್ಬ್ಯಾಡ ಅಂದವ್ರೆ ಕಣಕ್ಕ. ಗೊತ್ತಾದ್ರೆ ಲೈಸೆನ್ಸ್ ಕಿತ್ಕತಾರಂತೆ."

"ನಿಂಗೇನಾದ್ರೂ ಆಗೈತೇನ್ಲಾ?"

"ಏನೂ ಆಗಿಲ್ಲ. ಏನಾರ ಆದ್ರೆ ಬಿಲ್ಲೆ ಹೇಳ್ತದೆ ಬುಡು."

ಆ ವಾರ ಕಳೆದು ಆಯುಧಪೂಜೆ ಬಂತು. ಇಷ್ಟು ವರ್ಷ ಅವನು ಚರಕಕ್ಕೆ ಅರಿಶಿನ ಕುಂಕುಮ ಹಚ್ಚಿ, ವೀಳ್ಯದೆಲೆ ಅಡಿಕೆಯ ಮೇಲೆ ನಮ್ಮವ್ವನ ತೂತುಕಾಸು ಇಟ್ಟು ಕೈ ಮುಗಿಯುತ್ತಿದ್ದ. ಅದು ಬ್ರಿಟಿಷರ ಕಾಲದ ತಾಮ್ರದ ಕಾಸು, ನಡುವೆ ದೊಡ್ಡ ತೂತು. ನಮ್ಮವ್ವ ಅದನ್ನು ನಮ್ಮಿಬ್ಬರ ಉಡಿದಾರಕ್ಕೂ ಕಟ್ಟಿದ್ದಳಂತೆ. ಈ ಸಲ ಫ್ಯಾಕ್ಟರಿಯಲ್ಲೇ ಪೂಜೆ ಎಂದು ಅಂಕಯ್ಯ ಬೆಳಿಗ್ಗೆ ಎದ್ದು ನನ್ನ ಮುಂದೆ ನಿಂತ.

"ಅಕ್ಕ, ಜಯಣ್ಣಂಗೆ ಪೆಟ್ಗೆ ಐತೆ, ಮೀಟ್ರು ಐತೆ. ವೆಲ್ಡಿಂಗೋರ್ಗೆ ಮಿಶಿನ್ ಐತೆ. ನನ್ ಆಯುಧ ಯಾವ್ದು?"

"ಹಗ್ಗ ಐತಲ್ಲ."

"ದನ ಕಟ್ಟೋನೂ ಹಗ್ಗಕ್ಕೆ ಪೂಜೆ ಮಾಡ್ತಾನೆ. ನಾ ಮಾಡಿದ್ರೆ ನಗ್ತಾರೆ ಬುಡು."

ನಾನು ಹಿತ್ತಿಲ ಬಳ್ಳಿಯ ಎಲೆ, ಅಡಿಕೆ, ತೂತುಕಾಸು ಎಲ್ಲವನ್ನೂ ಒಂದು ವಸ್ತ್ರದಲ್ಲಿ ಕಟ್ಟಿಕೊಟ್ಟೆ. ಹಬ್ಬ, ಅದರ ಮಾರನೆಯ ದಿನ, ಆಮೇಲೆ ವಾರದ ರಜೆ, ಎಲ್ಲ ಕಳೆದು ಕೆಲಸಕ್ಕೆ ಹೋದ ದಿನ ಕಾಸನ್ನು ವಾಪಸು ತಂದು ನನ್ನ ಕೈಗಿಟ್ಟ. ಕುಂಕುಮ ತೊಳೆದು ಅರಿಶಿನದ ಡಬ್ಬಿಯೊಳಗೆ ಹಾಕಿಟ್ಟೆ.

ಕುಸುಮ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದದ್ದು ಸಂಕ್ರಾಂತಿಗೆ. ಕೂಸು ತನ್ನ ಅಪ್ಪನ ದನಿ ಕೇಳಿದರೆ ಸಾಕು, ಕಾಲು ಬಡಿಯುತ್ತಿತ್ತು. ಅವನು ಮಗುವನ್ನು ನೆಲಕ್ಕೆ ಬಿಟ್ಟಿದ್ದನ್ನೇ ನಾನು ಕಾಣೆ. ಎಳ್ಳು ಬೆಲ್ಲ ಮುಗಿಯುವ ಮೊದಲೇ ಜಯಕುಮಾರ ಒಂದು ದಿನ ಬೈಕಿನಲ್ಲಿ ಬಂದು ಅಂಗಳದಲ್ಲೇ ನಿಂತ. ನೀರು ಕೊಟ್ಟರೂ ಕುಡಿಯಲಿಲ್ಲ.

"ಅಂಕಯ್ಯ, ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ. ದಸರಾ ತಿಂಗಳ ಬ್ಯಾಡ್ಜಿನ ರಿಪೋರ್ಟು ಬಂದೈತೆ. ವರ್ಷಗಟ್ಲೆ ಮೈಗೆ ತಗೊಳ್ಳೋ ಕಿರಣಾನ ನೀನು ಒಂದೇ ತಿಂಗ್ಳಲ್ಲಿ ತಗೊಂಡಿದ್ದೀಯ ಅಂತ ಬರ್ದವ್ರೆ. ದೊಡ್ ಆಫೀಸಿಂದ ವಿಚಾರ್ಣೆಗೆ ಬರ್ತಾರೆ."

ಅಂಕಯ್ಯ ಮಗುವನ್ನು ಎತ್ತಿಕೊಂಡು ನಿಂತಿದ್ದ. ಜಯಕುಮಾರನ ಮುಖವನ್ನೇ ನೋಡಿದ. "ಅವತ್ತಿನ್ ದಿನದ್ದೇ ಅಲ್ವಾ ಜಯಣ್ಣ?"

ಜಯಕುಮಾರ ಬೈಕು ತಿರುಗಿಸಿಕೊಂಡು ಹೊರಟ.

ನನ್ನ ತಮ್ಮ ಕೂಸನ್ನು ನನ್ನ ಕೈಗೆ ಕೊಟ್ಟ. ಕೊಟ್ಟವನು ಎರಡು ಹೆಜ್ಜೆ ಹಿಂದಕ್ಕೆ ಸರಿದ. ಆಮೇಲೆ ಹೊಸಲು ದಾಟಿ ಹೊರಗೆ ನಿಂತ. ಬಾಗಿಲನ್ನು ಮುಂದಕ್ಕೆ ಎಳೆದುಕೊಂಡವನು ಮತ್ತೆ ತಳ್ಳಿಬಿಟ್ಟ. "ಮರ ತಡಿಯಲ್ಲ" ಎಂದು ತನಗೆ ತಾನೇ ಅಂದುಕೊಂಡದ್ದು ನನಗೆ ಕೇಳಿಸಿತು. ತನ್ನ ಕಂಬಳಿಯನ್ನು ತೆಗೆದುಕೊಂಡು ಹಿತ್ತಿಲಿಗೆ ಹೋಗಿ, ಚಪ್ಪಡಿ ಬೇಲಿ ದಾಟಿ, ಚರಕದ ಶೆಡ್ಡಿನಲ್ಲಿ ಹಾಸಿಕೊಂಡ.

"ಕಲ್ಲು ಒಸಿಯಾದ್ರೂ ತಡೀತದೆ ಕಣಕ್ಕ. ನನ್ ಮೈಯೊಳಗೆ ಎಷ್ಟೈತೋ ಏನೋ. ಕೂಸು ಇನ್ನೂ ಎಳೇದು."

ಅವತ್ತಿನಿಂದ ಅವನ ಸಂಸಾರ ಆ ಬೇಲಿಯ ಆಚೆಗಾಯಿತು. ಚಪ್ಪಡಿಯ ಮೇಲೆ ತಟ್ಟೆ ಇಟ್ಟು ನಾವು ಹಿಂದೆ ಸರಿದರೆ ಅವನು ಬಂದು ತೆಗೆದುಕೊಳ್ಳುತ್ತಿದ್ದ. ಮಧ್ಯಾಹ್ನ ಕುಸುಮ ಬೇಲಿಯ ಈ ಕಡೆ ನೆರಳಲ್ಲಿ ಚಾಪೆ ಹಾಸಿ ಮಗುವನ್ನು ಮಲಗಿಸುತ್ತಿದ್ದಳು. ಅವನು ಆ ಕಡೆ ಕುಕ್ಕರುಗಾಲಲ್ಲಿ ಕೂತು ಕಲ್ಲಿಗೆ ಬಾಯಿಟ್ಟು, "ಯಾರವ್ವಾ ಅದು? ನಮ್ಮ ಸ್ವೇತಮ್ಮೋರಾ?" ಎನ್ನುತ್ತಿದ್ದ. ಮಗು ಕಲ್ಲನ್ನೇ ನೋಡಿಕೊಂಡು ನಗುತ್ತಿತ್ತು. ಅದು ಮೊದಲ ಸಲ ಮಗ್ಗುಲಾಗಿ ಬೋರಲು ಬಿದ್ದಾಗ ನಾವಿಬ್ಬರೂ ಕೂಗಿಕೊಂಡೆವು. ಅಂಕಯ್ಯ ಎದ್ದು ನಿಂತು ನೋಡುವಷ್ಟರಲ್ಲಿ ಅದು ಮತ್ತೆ ಅಂಗಾತ ಆಗಿತ್ತು. "ಇನ್ನೊಂದ್ ಸಲ ಮಾಡ್ಸು" ಎಂದು ಕೇಳಿದ. ಮಗು ಮಾಡಲಿಲ್ಲ.

ಊರಲ್ಲಿ ಮಾತು ಹಬ್ಬಿತು. ಲಕ್ಕಯ್ಯನೂ ತಮಾಷೆ ಬಿಟ್ಟು ನಮ್ಮ ಮನೆ ಮುಂದೆ ಬರುವಾಗ ರಸ್ತೆಯ ಆ ಬದಿಗೆ ನಡೆಯತೊಡಗಿದ. ಕೋಡಿಹಳ್ಳಿಗೂ ಸುದ್ದಿ ಹೋಯಿತು. ಕುಸುಮಳ ತಾಯಿ ಅಂಬಮ್ಮ ಬಂದು ಒಳಗೆ ಕಾಲಿಡದೆ ಬೀದಿಯಲ್ಲೇ ನಿಂತಳು.

"ಹೊರಡು ಮಗ, ಬಟ್ಟೆ ಕಟ್ಕೋ. ಅಳಿಮಯ್ಯಂಗೆ ವಾಸಿ ಆದ್ಮೇಲೆ ಬಂದ್ರಾಯ್ತು."

"ಅವ್ರಿಗೇನೂ ಕಾಯ್ಲೆ ಇಲ್ಲ ಕಣವ್ವ."

"ಕಾಯ್ಲೆ ಇಲ್ದಿದ್ರೆ ಹಿತ್ಲು ಶೆಡ್ನಾಗೆ ಯಾಕ್ ಮಲಗವ್ನೆ? ಅವ್ನೇ ದೂರ ಓಗವ್ನೆ. ಅವ್ನಿಗಿರೋ ಬುದ್ಧಿ ನಿಂಗ್ಯಾಕಿಲ್ಲ?"

ಕುಸುಮ ನನ್ನ ಮುಖ ನೋಡಿದಳು. ಕೊನೆಗೆ ಅವಳೇ, "ವಿಚಾರ್ಣೆಯೋರು ಬಂದು ಹೇಳೋಗಂಟ ಇಲ್ಲೇ ಇರ್ತೀನಿ. ಎತ್ಕೋಬ್ಯಾಡ ಅಂದ್ರೆ ನಾನೇ ಬತ್ತೀನಿ, ನೀ ಕರಿಯದೇ ಬ್ಯಾಡ" ಎಂದಳು. ಅಂಬಮ್ಮ ಬೀದಿಯಿಂದಲೇ ಮಗುವಿಗೆ ದೃಷ್ಟಿ ತೆಗೆದು ಬಸ್ಸಿಗೆ ಹೋದಳು.

ವಿಚಾರಣೆಗೆ ಬಂದವರು ಪ್ರತಿಮಾ ಎಂಬ ಅಧಿಕಾರಿ. ಇನ್ನೂ ಚಿಕ್ಕ ವಯಸ್ಸು, ಕತ್ತರಿಸಿದ ಕೂದಲು. ಜೀಪಿನಿಂದ ಇಳಿದವರು ಚಪ್ಪಲಿ ಬಿಟ್ಟು ಜಗಲಿ ಹತ್ತಿ ಕೂತರು. ಜಯಕುಮಾರ ಜೀಪಿನ ಬಾಗಿಲಿಗೆ ಒರಗಿಕೊಂಡು ನಿಂತ. ಅಂಕಯ್ಯ ಅಂಗಳದ ತುದಿಯಿಂದ ಈಚೆಗೆ ಬರಲಿಲ್ಲ. ಪ್ರತಿಮಾ ಮೇಡಂ ಒಂದು ಪಟ ತೆಗೆದು ನನ್ನ ಮುಂದೆ ಇಟ್ಟರು. ಬಿಲ್ಲೆಯ ಫಿಲ್ಮನ್ನು ದೊಡ್ಡದು ಮಾಡಿಸಿದ ಪಟ. ಹೊಗೆ ಹಿಡಿದಂತೆ ಕಪ್ಪು. ಅದರ ಮೇಲೆ ಕೋಡುಬಳೆಯಂತೆ ಒಂದು ದುಂಡನೆ ಬಿಳುಪು, ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ಸ್ಪಷ್ಟ.

"ಮನುಷ್ಯ ಓಡಾಡ್ತಾ ಇದ್ರೆ ನೆರಳು ಹೀಗೆ ಬೀಳೋದಿಲ್ಲಮ್ಮ, ಕದಡಿ ಹೋಗುತ್ತೆ. ಇದು ಅಲ್ಲಾಡದೆ ಒಂದೇ ಕಡೆ ತುಂಬಾ ಹೊತ್ತು ಬಿದ್ದಿತ್ತು. ಮಧ್ಯೆ ಏನೋ ಲೋಹ ಇತ್ತು. ಫ್ಯಾಕ್ಟರಿಯವರು ಇದು ನಟ್ಟಿಗೆ ಹಾಕೋ ವಾಷರ್ ಅಂತಾರೆ. ಪರಿಹಾರ ಸಿಗಲಿ ಅಂತ ಇವರೇ ಬ್ಯಾಡ್ಜನ್ನ ಕದ್ದುಮುಚ್ಚಿ ಕಿರಣಕ್ಕೆ ಒಡ್ಡಿದ್ದಾರೆ ಅಂತಾರೆ."

"ನಾನು ಕಳ್ಳ ಅಲ್ಲ ತಾಯಿ" ಎಂದ ಅಂಕಯ್ಯ ಅಂಗಳದಿಂದ.

ನಾನು ಆ ಪಟವನ್ನು ನೋಡಿದೆ. ಹುಟ್ಟಿದಾಗಿನಿಂದ ನೋಡಿದ ಆಕಾರ. ಎದ್ದು ಒಳಗೆ ಹೋಗಿ ಅರಿಶಿನದ ಡಬ್ಬಿ ತಂದು, ಕಾಸನ್ನು ಅವರ ಮುಂದೆ ಇಟ್ಟೆ. ಅವರು ಅದನ್ನು ಪಟದ ಪಕ್ಕಕ್ಕೆ ಸರಿಸಿ ಎರಡನ್ನೂ ಹೋಲಿಸಿ ನೋಡಿದರು. ಆಮೇಲೆ ಅಂಕಯ್ಯನ ಕಡೆ ತಿರುಗಿದರು.

"ಎಲ್ಲಿಟ್ಟಿದ್ರಿ ಇದನ್ನ?"

ಅಂಕಯ್ಯನಿಗೆ ಆಗಲೂ ಅರ್ಥವಾಗಿರಲಿಲ್ಲ. "ಆಯುಧ್ಪೂಜೆ ದಿನ ತಾಯಿ. ಪೆಟ್ಗೆ ಮ್ಯಾಲೆ ಎಲೆ ಇಟ್ಟು, ಅಡ್ಕೆ ಇಟ್ಟು, ಕಾಸ್ ಇಟ್ಟೆ. ನಂಗೆ ಅಂತ ಬ್ಯಾರೆ ಆಯುಧ ಇರ್ಲಿಲ್ಲ. ಅದ್ಕೇ ನನ್ ಬಿಲ್ಲೇನ ಕಾಸಿನ್ ಮ್ಯಾಲೆ ಮಲಗ್ಸಿ ಕುಂಕುಮ ಇಟ್ಟೆ. ಜಯಣ್ಣ ಮಂಗ್ಳಾರ್ತಿ ಎತ್ತಿ ರೂಮಿಗೆ ಬೀಗ ಹಾಕುದ್ರು. ರಜಾ ಮುಗಿಯೋಗಂಟ ಪೂಜೆ ಎತ್ಬಾರ್ದಲ್ವಾ? ಪೆಟ್ಗೆಗೆ ಬೀಗ ಬಿದ್ದಿತ್ತು ತಾಯಿ, ಒಳಗಿಂದು ಹೊರಕ್ಕೆ ಬರಲ್ವಲ್ಲ."

ಪ್ರತಿಮಾ ಮೇಡಂ ಜಯಕುಮಾರನನ್ನು ನೋಡಿದರು. "ಪೆಟ್ಟಿಗೆಯಿಂದ ಏನೂ ಬರಲ್ಲ ಅಂತ ಹೇಳಿಕೊಟ್ಟಿದ್ದು ನೀವಾ?"

"ಹೆದರ್ಕೋಬಾರದು ಅಂತ ಹಂಗ್ ಹೇಳಿದ್ದೆ ಮೇಡಂ" ಎಂದ ಜಯಕುಮಾರ. ಅವನ ದನಿ ಕೇಳಿಸುತ್ತಲೇ ಇರಲಿಲ್ಲ. "ಬ್ಯಾಡ್ಜು ಅಲ್ಲಿತ್ತು ಅನ್ನೋದು ರಿಪೋರ್ಟು ಬಂದಾಗ್ಲೇ ನೆನಪಾಯ್ತು. ಬೀಗ ಹಾಕಿದ್ದು ನಾನೇ. ಬಾಯಿ ಬರ್ಲಿಲ್ಲ."

ಕುಸುಮ ಬಾಗಿಲಲ್ಲಿ ನಿಂತಿದ್ದವಳು ಅವನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. "ನಮ್ ಕೂಸು ಬೇಲಿ ನೋಡ್ಕೊಂಡು ನಗ್ತಿತ್ತು ಕಣಣ್ಣ" ಎಂದಳು. ಅಷ್ಟೇ. ಜಯಕುಮಾರ ಜೀಪಿನ ಆ ಬದಿಗೆ ಹೋಗಿ ನಿಂತ.

ಬಾಯಿಮಾತಿನಲ್ಲಿ ಮುಗಿಸುವ ಹಾಗಿರಲಿಲ್ಲ. ನಾನು ಮತ್ತೆ ಎಲೆ ಅಡಿಕೆ ಕಟ್ಟಿಕೊಟ್ಟೆ. ಪ್ರತಿಮಾ ಮೇಡಂ ಅಂಕಯ್ಯನನ್ನು ಫ್ಯಾಕ್ಟರಿಗೆ ಕರೆದುಕೊಂಡು ಹೋಗಿ, ಅದೇ ಪೆಟ್ಟಿಗೆಯ ಮೇಲೆ ಅದೇ ರೀತಿ ಪೂಜೆ ಇಡಿಸಿ, ಬಿಲ್ಲೆಯೊಳಗೆ ಹೊಸ ಫಿಲ್ಮು ಹಾಕಿ ರೂಮಿಗೆ ಬೀಗ ಹಾಕಿಸಿದರಂತೆ. ಪಕ್ಕದಲ್ಲೇ ಬೇರೆ ಬೇರೆ ಫಿಲ್ಮಿನ ಕೆಳಗೆ ಒಂದು ಮರದ ಹಲಗೆ, ಒಂದು ತಗಡು, ಒಂದು ಕಲ್ಲಿನ ಚೂರು, ಒಂದು ಸೀಸದ ಹಾಳೆ ಇಟ್ಟರಂತೆ. ಯಾವುದು ಎಷ್ಟು ತಡೆಯುತ್ತದೆ ಎಂದು ನೋಡಿದರೆ ಪೆಟ್ಟಿಗೆಯಿಂದ ಸೋರುವುದು ಎಂಥದ್ದು, ಎಷ್ಟು ಎಂದು ತಿಳಿಯುತ್ತದಂತೆ. ಕೆಲವು ದಿನದ ಮೇಲೆ ಅವರು ಜಯಕುಮಾರನನ್ನೂ ಕರೆದುಕೊಂಡು ಮತ್ತೆ ನಮ್ಮ ಜಗಲಿಗೆ ಬಂದು ಎಲ್ಲ ಪಟಗಳನ್ನೂ ಹರಡಿದರು. ವೀಳ್ಯದೆಲೆಗೆ ನೆರಳೇ ಇರಲಿಲ್ಲ. ಅಡಿಕೆ ಇದ್ದ ಕಡೆ ಇದೆಯೋ ಇಲ್ಲವೋ ಎನ್ನುವಷ್ಟು ಮಬ್ಬು. ಹಲಗೆಯದ್ದೂ ಹಾಗೇ. ತಗಡು, ಕಲ್ಲು ಒಂದಿಷ್ಟು ತಿಳಿ. ಸೀಸ ಇದ್ದ ಕಡೆ ಬೆಳ್ಳಗೆ. ಬಿಲ್ಲೆಯ ಪಟದಲ್ಲಿ ನಮ್ಮವ್ವನ ತೂತುಕಾಸು ಹಳೆಯ ಪಟದ ಕಾಸಿನ ಪಡಿಯಚ್ಚಾಗಿ ಕೂತಿತ್ತು.

"ಮುಗೀತು ಅಂಕಯ್ಯ" ಎಂದರು. "ರಿಪೋರ್ಟಿನಲ್ಲಿ ಬಂದಿದ್ದು ನಿಮ್ಮ ಮೈಗೆ ಬಿದ್ದಿದ್ದಲ್ಲ. ಪೆಟ್ಟಿಗೆ ಮೇಲೆ ಬ್ಯಾಡ್ಜ್ ಒಂದೇ ಮಲಗಿದ್ದಾಗ ಬಿದ್ದಿದ್ದು. ಜಾಸ್ತಿ ಕಿರಣ ಬಿದ್ದವರ ಪಟ್ಟಿಯಿಂದ ನಿಮ್ಮ ಹೆಸರು ತೆಗೆದುಹಾಕೋಕೆ ಬರೀತೀನಿ. ಕೆಲಸಕ್ಕೆ ಹೋಗಬಹುದು."

ಕುಸುಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನಾನೂ ಕೈ ಮುಗಿದೆ. ಅಂಕಯ್ಯ ಮಾತ್ರ ಅಂಗಳದ ತುದಿಯಲ್ಲಿ ನಿಂತೇ ಇದ್ದ. ಜಯಕುಮಾರ ಅವನನ್ನೇ ನೋಡುತ್ತಾ, ಬೇಡ ಎನ್ನುವಂತೆ ತಲೆ ಆಡಿಸುತ್ತಿದ್ದ. ಅದು ನನಗೆ ಕಾಣಿಸಿತು, ನನ್ನ ತಮ್ಮನಿಗೂ ಕಾಣಿಸಿತು.

"ತಾಯಿ, ಕಾಸಿನ ನೆರಳು ಸರಿ" ಎಂದ ಅಂಕಯ್ಯ. "ಅದರ ಕೆಳಗೆ ಬ್ಯಾರೆ ಏನಾರ ಐತಾ?"

"ಅಂದ್ರೆ?"

"ಅದೇ ತಿಂಗ್ಳು, ಪೂಜೆಗೂ ಮುಂಚೆ, ಕಾಳು ಹೊರಗೇ ಸಿಗಾಕ್ಕೊಂಡಿತ್ತು. ನಾನು ಓಡೋಗಿ ಕೊಳವೆ ಹಿಡ್ದಿದ್ದೆ. ಆಗ ಅದೇ ಬಿಲ್ಲೆ ಎದೆ ಮ್ಯಾಲಿತ್ತು. ಅವತ್ತಿಂದು ಎಷ್ಟು ಅಂತ ಆ ಫಿಲ್ಮಲ್ಲಿ ಇರ್ಬೇಕಲ್ಲ?"

ಪ್ರತಿಮಾ ಮೇಡಂ ಹಳೆಯ ಪಟವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಮೊದಲಿದ್ದ ಗೆಲುವು ಇರಲಿಲ್ಲ.

"ಇರಬೇಕು. ಆದರೆ ಅದರ ಮೇಲೆ ಇಷ್ಟೊಂದು ಬಿದ್ದುಬಿಟ್ಟಿದೆ. ಮಸಿ ಮೇಲೆ ಮಸಿ ಚೆಲ್ಲಿದ ಹಾಗೆ. ಮೊದಲಿಂದು ಎಷ್ಟಿತ್ತು ಅಂತ ಈಗ ನಾನು ಬಿಡಿಸಿ ಹೇಳೋಕಾಗಲ್ಲ. ಪೂಜೆಗೆ ಇಡದೇ ಇದ್ದಿದ್ರೆ ಇದೇ ಫಿಲ್ಮು ಹೇಳ್ತಿತ್ತು."

ಅವರು ಕೆಳಗಿಳಿದು ಅವನ ಹತ್ತಿರ ಹೋಗಿ ಕೈ ತೋರಿಸಿ ಎಂದರು. ಕಿರಣ ಜೋರಾಗಿ ಬಿದ್ದಿದ್ದರೆ ಬೆರಳು ಕೆಂಪಾಗಿ, ಆಮೇಲೆ ಚರ್ಮ ಏಳಬೇಕಂತೆ. ಅಂಕಯ್ಯ ಎರಡೂ ಕೈ ಚಾಚಿದ. ಸುಕ್ಕು, ಸಿಪ್ಪೆ, ಬಿಳುಪು. ಚರಕ ನಿಂತು ಇಷ್ಟು ದಿನವಾದರೂ ಆ ಬೆರಳು ಸರಿಯಾಗಿರಲಿಲ್ಲ.

"ಇದು ಯಾವಾಗಿಂದ ಹೀಗಿದೆ?"

"ನಾನು ನೂಲು ಬಿಚ್ಚೋದು ಕಲ್ತಾಗಿಂದ ತಾಯಿ" ಎಂದ. ಅವರು ಕೈ ಬಿಟ್ಟರು.

ಆಗ ಕುಸುಮ ಹೊಸಲು ದಾಟಿ ಬಂದಳು. ಕಂಕುಳಲ್ಲಿ ಮಗು. "ಅದೆಲ್ಲ ನಂಗೆ ತಿಳಿಯಲ್ಲ ಮೇಡಮ್ಮೋರೆ. ಅವ್ರು ಕೂಸ್ನ ಎತ್ಕೋಬೋದಾ, ಬಾರ್ದಾ?"

ಪ್ರತಿಮಾ ಮೇಡಂ ಜೀಪಿನಿಂದ ಮೀಟರು ತರಿಸಿದರು. ಅದು ಹುಳ ಕಟಕಟ ಅಂದ ಹಾಗೆ ಸದ್ದು ಮಾಡುವ ಡಬ್ಬಿ. ಅಂಕಯ್ಯನ ಎದೆಗೆ, ಹೊಟ್ಟೆಗೆ, ಕೈಗೆ ಹಿಡಿದರು. ಅಲ್ಲೊಂದು ಇಲ್ಲೊಂದು ಸದ್ದು. ನನಗೂ ಹಿಡಿದರು, ಅಷ್ಟೇ ಸದ್ದು. ಅವನು ಇಷ್ಟು ದಿನ ಎಲ್ಲಿರುತ್ತಿದ್ದ ಎಂದು ಕೇಳಿದರು. ತೋರಿಸಿದೆವು. ಹಿತ್ತಿಲಿಗೆ ಬಂದು ಮೀಟರನ್ನು ಚಪ್ಪಡಿ ಕಲ್ಲಿಗೆ ಹಿಡಿದಾಗ ಸದ್ದು ಕೊಂಚ ಬಿರುಸಾಯಿತು.

"ನಿಮ್ಮ ಮೈಗಿಂತ ಈ ಕಲ್ಲಿಂದಲೇ ಸ್ವಲ್ಪ ಜಾಸ್ತಿ ಬರುತ್ತೆ ನೋಡಿ. ನಿಮ್ಮ ಕಡೆ ಬೆಟ್ಟದ ಕಲ್ಲೇ ಹಾಗೆ; ಅದರಿಂದ ಯಾರಿಗೂ ಏನೂ ಆಗಲ್ಲ. ದೀಪದ ಮುಂದೆ ನಿಂತವರು ಆಮೇಲೆ ತಾವೇ ಉರಿಯಲ್ಲ ಅಲ್ವಾ? ಇದೂ ಹಾಗೇ. ಕಿರಣ ಹಾಯ್ದು ಹೋಗುತ್ತೆ, ಮೈಯಲ್ಲಿ ಕೂತಿರಲ್ಲ. ಮಗುಗೆ ನಿಮ್ಮಿಂದ ಏನೂ ಇಲ್ಲ. ಯಾವತ್ತೂ ಇರಲಿಲ್ಲ."

"ಅವ್ರಿಗೆ?" ಎಂದಳು ಕುಸುಮ.

ಪ್ರತಿಮಾ ಮೇಡಂ ಮೀಟರನ್ನು ಆರಿಸಿದರು. "ರಕ್ತ ಪರೀಕ್ಷೆ ಮಾಡಿಸ್ತೀನಿ" ಎಂದರು.

ಅವರ ಜೀಪು ಹೋದ ಮೇಲೂ ಅಂಕಯ್ಯ ಮತ್ತೆ ಬೇಲಿಯ ಆ ಕಡೆಗೇ ಹೋಗಿ ನಿಂತ. ಕುಸುಮ ಕರೆಯಲಿಲ್ಲ. ಬೇಲಿಯ ಹತ್ತಿರ ಹೋಗಿ, ಚಪ್ಪಡಿಯ ಮೇಲಿಂದ ಮಗುವನ್ನು ಚಾಚಿದಳು. ಅವನು ಎರಡೂ ಕೈಯನ್ನು ಪಂಚೆಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ, ತೆಗೆದುಕೊಂಡ. ಇಷ್ಟು ದಿನ ಕಲ್ಲಿನೊಳಗಿಂದ ಬರುತ್ತಿದ್ದ ದನಿಗೆ ಗಡ್ಡದ ಮುಖ ಬಂದದ್ದನ್ನು ಕಂಡು ಕೂಸು ಕಿರುಚಿಕೊಂಡು ಅತ್ತಿತು. ಅವನು ಹೆದರಿ ವಾಪಸು ಕೊಡಲು ಹೋದ. "ಅಳ್ಳಿ ಬುಡಿ. ಹಿಡ್ಕಳಿ" ಎಂದಳು ಕುಸುಮ. ಅವನು ಹಿಡಿದುಕೊಂಡ. ಅದು ಸುಸ್ತಾಗುವವರೆಗೂ ಅತ್ತು ಅವನ ಹೆಗಲ ಮೇಲೆ ಮಲಗಿತು.

ಜಯಕುಮಾರನ ಲೈಸೆನ್ಸು ಕೆಲಕಾಲ ನಿಂತಿತು. ಕಂಟ್ರಾಕ್ಟಿನವರು ಅಂಕಯ್ಯನಿಗೆ ಬರಬೇಡ ಎಂದು ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಆ ಜಾಗಕ್ಕೆ ಬೇರೆಯವರು ಬಂದರು. ಸಿಕ್ಕಿಕೊಂಡ ದಿನದ ಮಾತನ್ನು ಅವನು ಎತ್ತದಿದ್ದರೆ ಕೆಲಸ ಉಳಿಯುತ್ತಿತ್ತು ಎಂದು ಲಕ್ಕಯ್ಯ ಈಗಲೂ ಅನ್ನುತ್ತಾನೆ. "ಉಳೀತಿತ್ತು ಕಣಣ್ಣ, ಆದ್ರೆ ಕೂಸ್ನ ಎಂಗ್ ಎತ್ಕಳ್ಳಿ?" ಎಂದು ಅಂಕಯ್ಯ ಒಂದೇ ಸಲ ಹೇಳಿದ್ದ. ರಕ್ತದ ಉತ್ತರ ಬರುವಷ್ಟರಲ್ಲಿ ಮಳೆಗಾಲ ಶುರುವಾಗಿತ್ತು. ಹೇಳುವಂಥದ್ದೇನೂ ಕಾಣಲಿಲ್ಲ ಎಂದು ಬರೆದಿತ್ತು. ಪ್ರತಿಮಾ ಮೇಡಂ ಫೋನಿನಲ್ಲಿ ಅದನ್ನು ಬಿಡಿಸಿ ಹೇಳಿದರು: ಏನೂ ಇಲ್ಲ ಎಂದಲ್ಲ, ಆ ಪರೀಕ್ಷೆಗೆ ಕಾಣುವಷ್ಟಿಲ್ಲ ಎಂದು.

ಅವನು ಮತ್ತೆ ಚರಕದ ಮುಂದೆ ಕೂತ. ಬೇರೆಯವರ ಗೂಡು ತಂದು ಕೂಲಿಗೆ ಬಿಚ್ಚಿಕೊಡುತ್ತಾನೆ. ಶ್ವೇತ ಈಗ ಸ್ಕೂಲಿಗೆ ಹೋಗುತ್ತಾಳೆ. ಅಪ್ಪನ ಹೆಗಲು ಬಿಟ್ಟು ಇಳಿದಿಲ್ಲ ಎಂದೇ ಹೇಳಬೇಕು. ಆಯುಧಪೂಜೆಗೆ ಚರಕಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾನೆ, ಎಲೆ ಅಡಿಕೆ ಇಡುತ್ತಾನೆ. ಕಾಸು ಕೇಳುವುದಿಲ್ಲ, ನಾನೂ ತೆಗೆದುಕೊಡುವುದಿಲ್ಲ. ಅವನಿಗೆ ಒಂದು ಜ್ವರ ಬಂದರೆ, ನಾಲ್ಕು ದಿನ ಕೆಮ್ಮಿದರೆ, ಕುಸುಮ ನನ್ನ ಮುಖ ನೋಡುತ್ತಾಳೆ. ನಾನು ಬೇರೆ ಕಡೆ ನೋಡುತ್ತೇನೆ.

ಊಟಕ್ಕೆ ಕೂತಾಗ ಮುದ್ದೆ ಇಡುವ ಮೊದಲು ಅವಳು ಅವನ ಬೆರಳು ನೋಡುತ್ತಾಳೆ. ಸಿಪ್ಪೆ ಎದ್ದಿರುತ್ತದೆ. ಬಿಸಿನೀರಿಗೆ ಎದ್ದದ್ದೋ, ಆ ಕೊಳವೆಗೆ ಎದ್ದದ್ದೋ, ಬೆರಳು ಹೇಳುವುದಿಲ್ಲ. ಅವನು ಈಗಲೂ ತಟ್ಟೆಗೆ ಬಿದ್ದ ತಕ್ಷಣ ಮುರಿದು ಸಾರಿಗೆ ಅದ್ದುತ್ತಾನೆ. ನಿನ್ನ ಕೈಗೆ ಜೀವವಿಲ್ಲ ಎಂದು ನಾನು ಅವನನ್ನು ಬಯ್ಯುವುದನ್ನು ಬಿಟ್ಟಿದ್ದೇನೆ.